ರುಮಾಲಿನ ಕೆಳಗ

ಇಪ್ಪತ್ತೇಳು ವರ್ಷ ಕಲಬುರಗಿ ಗಂಜಿನಾಗ ಸವಾಲು ಕೂಗೀನಿ.
ತೊಗರಿ ರಾಶಿ ಮ್ಯಾಲ ಬರಿಗಾಲಲೆ ನಿಂತು
ಬೊಗಸಿ ತುಂಬ ಎತ್ತಿ, ಬೆರಳಸಂದಿಲೆ ಸುರುವಿ,
ಏಳು ಸಾವಿರದ ಎರಡ್ನೂರು, ಎರಡ್ನೂರಾ ಹತ್ತು,
ರೇಲ್ವೆ ಗೇಟಿನತನ ಕೇಳಸ್ತಿತ್ತಂತ.
ಹಮಾಲ ಖಾಜಾಪಾಷಾ ಅಂತಿದ್ದ:
ಅಣವೀರಪ್ಪ ಕೆಮ್ಮಿದ್ರ ದರ ಐದು ರೂಪಾಯಿ ಇಳೀತದ.

ಹಂಗ ಕೆಮ್ಮಿದ್ದೇ ಮೊದಲು.
ಧೂಳು ಅಂದೆ ನಾ. ಬೀಡಿ ಅಂದ್ಳು ಇಮಲಾಬಾಯಿ.
ಇಬ್ಬರದೂ ಖರೆ ಇತ್ತು.
ಮೂವತ್ಮೂರು ದಿನ ಕರೆಂಟ್ ಕೊಟ್ಟರು.
ಕೊರಳು ಹಂಚಿನ ಮ್ಯಾಲ ಮರತ ರೊಟ್ಟಿ ಆಯ್ತು,
ಜೋಳದ ಅಂಬಲಿ ಸೈತ ಮುಳ್ಳಾಯ್ತು.
ಆಮ್ಯಾಲ ದನಿ ಬಂತು. ಪೂರಾ ಅಲ್ಲ,
ಒಡದ ತಗಡಿನಂಥದು. ಅದರಾಗೇ ಎರಡು ಸುಗ್ಗಿ ದಾಟಸಿದೆ.

ಈಗ ಮತ್ತ ಬಂದದ.
ಅದೇ ಜಾಗಾ. ಸವಾಲಿನಾಗ ಸೋತವ
ಮರುದಿನ ಬಂದು ಅದೇ ರಾಶಿ ಮುಂದ ನಿಂತಂಗ.

ಡಾಕ್ಟರ್ ಸಣ್ಣ ವಯಸ್ಸಿನಾಕಿ, ಫರ್ಹಾನಾ ಅಂತ, ಆಳಂದದ ಕಡೆಯಾಕಿ.
ಚೀಟಿ ಹಿಂದ ಪೆನ್ನಲೆ ಎರಡು ಗೀಟು ಎಳದ್ಳು:
ಇದು ಉಣ್ಣೋ ದಾರಿ, ಇದು ಉಸಿರಿನ ದಾರಿ.
ಎರಡಕ್ಕೂ ಒಂದೇ ಅಗಸಿ, ಕಾಕಾ.
ಅಗಸಿ ಕಾಯೋದು ಈ ಡಬ್ಬಿ. ದನಿಯೂ ಇದರಾಗೇ.

ಕರೆಂಟ್ ಇನ್ನೊಮ್ಮೆ ಕೊಡಾಕ ಬರಂಗಿಲ್ಲ.
ಅರ್ಧ ತಗೀಬಹುದು, ದನಿ ಥೋಡೆ ಉಳೀತದ,
ಆದ್ರ ನಿಮ್ಮ ಗಂಟು ಗೆರಿ ದಾಟ್ಯದ.
ಅರ್ಧಕ್ಕ ಬಿಟ್ರ ಗುಟುಕು ಗುಟುಕಿಗೂ ನೀರು ಎದಿಯಾಗ ಇಳೀಬಹುದು,
ಇಲ್ಲಾ ಮೂರನೇ ಸಲ ಇದೇ ಬರಬಹುದು.
ಪೂರಾ ತಗದ್ರ
ಇಲ್ಲಿ, ಅಂತ ತನ್ನ ಕೊರಳ ಕುಣೀಗೆ ಬೆರಳಿಟ್ಳು,
ಒಂದು ತೂತು. ಸಾಯೋತನ ಅದರಲೇ ಉಸಿರು.
ಸುಟ್ಟ ಚರ್ಮ ಲಗೂನ ಕೂಡಂಗಿಲ್ಲ,
ಎದಿ ಮ್ಯಾಲಿನ ಮಾಂಸ ತಂದು ತ್ಯಾಪಿ ಹಾಕತೀವಿ.

ಇಮಲಾಬಾಯಿ ಕೌದಿ ಹೊಲಿಯಾಕಿ.
ತ್ಯಾಪಿ ಅಂದಕೂಡ್ಲೇ ಕುರ್ಚಿ ಮುಂದ ಸರಸಿದ್ಳು.
ದಾರ ಯಾವುದು ಅಂತ ಕೇಳಿದ್ಳು.
ಹಳಿ ಬಟ್ಟಿಗಿ ಹೊಸ ಬಟ್ಟಿ ಹಚ್ಚಿದ್ರ ಅಂಚು ಹರೀತದವ್ವ, ಹುಷಾರು.
ಡಾಕ್ಟರ್ ನಗಲಿಲ್ಲ.
ಹೌದು ಚಾಚಿ, ನಮಗೂ ಅದೇ ಅಂಜಿಕಿ, ಅಂದ್ಳು.

ನಾ ಬ್ಯಾರೆ ಕೇಳಿದೆ, ಅದೇ ತಗಡಿನ ದನೀಲೆ:
ಚಾ ಊದಿ ಕುಡೀಬಹುದೇನು?
ಇಲ್ಲ. ಬಾಯಾಗ ಗಾಳಿ ಬರಂಗಿಲ್ಲ.
ಹೊಸ ತೊಗರಿ ವಾಸನಿ?
ಕಡಿಮಿ. ಮತ್ತ ಕಲೀಬೇಕಾಗ್ತದ.
ಗಾಣಗಾಪುರದ ಹೊಳ್ಯಾಗ ಮುಳುಗೋದು?
ನೀರು ಕೊರಳಿನತನ ಬರಬಾರದು.
ಮಾತು?
ಒಳಗ ಸಣ್ಣ ಬಿರಡಿ ಕೂಡಸ್ತೀವಿ. ಹೆಬ್ಬಟ್ಟಲೆ ತೂತು ಮುಚ್ಚಿದ್ರ
ಮಾತು ಬರ್ತದ. ಮೊದಮೊದಲ ನಿಮ್ಮದಲ್ಲ ಅನಸ್ತದ.
ಸವಾಲು ಕೂಗಾಕ ಆಗಂಗಿಲ್ಲ, ಕಾಕಾ.
ಚೌಕಾಶಿ ಮಾಡಬಹುದು.

ನಮ್ಮಪ್ಪನ ಕಾಲದಾಗ, ದನದ ಸಂತ್ಯಾಗ,
ಯಾರೂ ಕೂಗತಿದ್ದಿಲ್ಲ.
ಇಬ್ಬರ ಕೈ ಮ್ಯಾಲ ಒಂದು ರುಮಾಲು,
ಕೆಳಗ ಬೆರಳಿಗಿ ಬೆರಳು.
ಹಿಡದ್ರ ಒಂದು ಅರ್ಥ, ಒತ್ತಿದ್ರ ಒಂದು.
ಮಂದಿ ಬರೇ ಮಾರಿ ನೋಡತಿದ್ರು.
ಮಾರಿ ಏನೂ ಹೇಳತಿದ್ದಿಲ್ಲ.
ಕಲಿ ಅಂದ ನಮ್ಮಪ್ಪ. ನಾ ಕಲೀಲಿಲ್ಲ ಪೂರಾ.
ಇಂಥಾ ದನಿ ಇದ್ದವಗ ಬೆರಳು ಯಾಕ?

ದವಾಖಾನಿ ಹೊರಗ ಬೇವಿನ ಕಟ್ಟಿ ಮ್ಯಾಲ ಕುಂತ್ವಿ.
ಬಿಸಿಲು ನಲವತ್ಮೂರು. ನೆರಳೂ ಬಿಸಿ.
ಆಕಿ ಚಾ ತಂದ್ಳು. ನಾ ಊದಿದೆ.
ಕುಡೀಲಿಲ್ಲ. ಊದಿದೆ ಬರೇ.
ಹೆಗಲಿನ ಟಾವೆಲ್ ತಗದು ಆಕಿ ಕೈ ಮ್ಯಾಲ ಹೊಚ್ಚಿ
ಕೆಳಗಿಂದ ಐದೂ ಬೆರಳು ಹಿಡದೆ.
ಪೂರಾ, ಅಂತ ಅರ್ಥ.

ಆಕಿಗಿ ಆ ಲೆಕ್ಕ ಗೊತ್ತಿಲ್ಲ.
ಸುಮ್ನ ಕುಂತ್ಳು ಒಂದೆರಡು ಆಟೋ ಹೋಗೋತನ.
ಆಮ್ಯಾಲ ಹೆಬ್ಬಟ್ಟೊಂದು ಬಿಡಸಿಕೊಂಡು
ನನ್ನ ಕೊರಳ ಕುಣೀಗೆ ಇಟ್ಳು,
ತ್ಯಾಪಿಗಿ ಅರಬಿ ಎಷ್ಟು ಬೇಕು ಅಂತ ಅಳತಿ ನೋಡೋವಂಗ.

ಆರ್ಯದ, ಅಂದ್ಳು. ಕುಡಿ.